ಮೇಷ್ಟ್ರು ಎದುರಿಗಿಲ್ಲದ ಪಾಠ

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಬಂದು ಹನ್ನೊಂದು ವರ್ಷವಾಯಿತು. ಓಪನ್ ಯೂನಿವರ್ಸಿಟಿ ಇರುವುದು ಇದೇ ಊರಲ್ಲಿ. 1969ರಲ್ಲಿ ಹುಟ್ಟಿ, 1971ರಿಂದ ಮನೆಮನೆಗೆ ಪಾಠ ಕಳಿಸುತ್ತಿದೆ. ನಾನೂ ಕೆಲಸದ ಜೊತೆಗೆ ಅಲ್ಲಿ ಸಂಖ್ಯಾಶಾಸ್ತ್ರ ಓದಿದೆ.

ಅದಕ್ಕೂ ಮೊದಲು ದಾವಣಗೆರೆಯಲ್ಲಿದ್ದಾಗ ಅಂಚೆ ತೆರಪಿನಲ್ಲಿ ಬಿ.ಕಾಂ. ಮಾಡಿದ್ದೆ. ಪುಸ್ತಕ ಕೈಗೆ ಬಂದಿದ್ದೇ ಪರೀಕ್ಷೆಗೆ ಎರಡು ವಾರ ಇರುವಾಗ. ಪುಟದ ತುಂಬ ಸಣ್ಣಕ್ಷರ, ಕೊನೆಯಲ್ಲಿ ಹತ್ತು ಪ್ರಶ್ನೆ: 'ಸವಿವರವಾಗಿ ವಿವರಿಸಿ', 'ಟಿಪ್ಪಣಿ ಬರೆಯಿರಿ'. ನಾನು ಬರೆದದ್ದು ಸರಿಯೋ ತಪ್ಪೋ, ಹೇಳುವವರು ಯಾರೂ ಇರಲಿಲ್ಲ.

ಇಲ್ಲಿಯ ಪುಸ್ತಕದಲ್ಲಿ ಎರಡು ಮೂರು ಪುಟಕ್ಕೊಮ್ಮೆ ಓದು ನಿಲ್ಲಿಸಿ ಏನಾದರೂ ಮಾಡಿಸುತ್ತಾರೆ. ಮಧ್ಯಾಂಕದ ಪಾಠ ಅಂದುಕೊಳ್ಳಿ; ಅಂದರೆ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ. 4, 9, 7, 12, 3, 8, 5 ಕೊಟ್ಟು ಮಧ್ಯಾಂಕ ಕೇಳಿದರೆ ಉತ್ತರ 7. ಅಷ್ಟು ಹೇಳಿ ಬಿಟ್ಟರೆ ಸಾಲದು. 'ನಿಮಗೆ 12 ಬಂತಾ? ಹಾಗಾದರೆ ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸದೆ ನಡುವಿನದನ್ನು ಎತ್ತಿಕೊಂಡಿದ್ದೀರಿ' ಅಂತಲೂ ಹೇಳಬೇಕು. ತರಗತಿಯಲ್ಲಿ ಮೇಷ್ಟ್ರು ಮುಖ ನೋಡಿಯೇ ಈ ತಪ್ಪು ಹಿಡಿಯುತ್ತಾರೆ. ದೂರಶಿಕ್ಷಣದಲ್ಲಿ ಅದನ್ನು ಬರೆಯುವಾಗಲೇ ಊಹಿಸಬೇಕು, ಅಲ್ವಾ?

ದುಡ್ಡಿನ ಮಾತು ಬರುತ್ತದೆ, ಗೊತ್ತು. ಓಪನ್ ಯೂನಿವರ್ಸಿಟಿಯಲ್ಲಿ ಒಂದು ಕೋರ್ಸ್ ಬರೆಯಲು ಒಂದು ತಂಡವೇ ಕೂರುತ್ತದೆ. ಅದಕ್ಕೆ ಖರ್ಚು ಜಾಸ್ತಿ. ಆದರೆ ಪ್ರಶ್ನೆಯ ಕೆಳಗೆ ನಾಲ್ಕು ಗೆರೆ ಜಾಗ ಬಿಡುವುದಕ್ಕೆ, ಪುಸ್ತಕದ ಕೊನೆಯಲ್ಲಿ ಉತ್ತರದ ಕಾರಣ ಬರೆಯುವುದಕ್ಕೆ ತಂಡ ಬೇಕಿಲ್ಲ. ಓದುವವರು ಎಲ್ಲಿ ಎಡವುತ್ತಾರೆ ಅಂತ ಒಮ್ಮೆ ಕೂತು ಯೋಚಿಸಿದರೆ ಸಾಕು.

ನಮ್ಮ ಕಡೆಯ ಸಂಪರ್ಕ ತರಗತಿಗಳು, ಅಂದರೆ ದೂರಶಿಕ್ಷಣದವರನ್ನು ಒಂದೆಡೆ ಸೇರಿಸಿ ಮಾಡುವ ಪಾಠಗಳು, ಮಾತ್ರ ನನಗೆ ಈಗಲೂ ನೆನಪಾಗುತ್ತವೆ. ಕನ್ನಡದಲ್ಲಿ ಬಿಡಿಸಿ ಹೇಳುವ ಮೇಷ್ಟ್ರು, ಊಟದ ಹೊತ್ತಲ್ಲಿ ನೋಟ್ಸ್ ಹಂಚಿಕೊಳ್ಳುವ ಗೆಳೆಯರು. ಆ ಬಳಗ ನನಗೆ ಇಲ್ಲಿ ಸಿಗಲಿಲ್ಲ.

ನನ್ನ ತಂಗಿ ಈಗ ಬಟ್ಟೆ ಅಂಗಡಿಯ ಕೆಲಸ ಮುಗಿಸಿ ರಾತ್ರಿ ದೂರಶಿಕ್ಷಣದಲ್ಲಿ ಓದುತ್ತಾಳೆ. ಪಾಠವೆಲ್ಲ ಸ್ಕ್ಯಾನ್ ಮಾಡಿದ ಪಿಡಿಎಫ್. ಮೊಬೈಲಲ್ಲಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಸರಿಸಿ ಓದಬೇಕು. ಮೊನ್ನೆ ಫೋನಲ್ಲಿ, "ಅಣ್ಣಾ, ಇದ್ರಾಗ ಯಾವ್ದು ಮುಖ್ಯ ಅಂತ ನಂಗ ಹೆಂಗ ಗೊತ್ತಾಗ್ಬೇಕು?" ಅಂದಳು.

ಆ ಒಂದು ಪಾಠವನ್ನು ನಾನೇ ಮೂರು ತುಂಡು ಮಾಡಿದೆ. ಒಂದೊಂದರ ಕೊನೆಗೆ ಒಂದು ಪ್ರಶ್ನೆ ಬರೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ರಾತ್ರಿ ಹತ್ತೂವರೆಗೆ ಉತ್ತರದ ಫೋಟೋ ಬಂತು. ಎರಡು ಸರಿ. ಮೂರನೆಯದು ಎಲ್ಲಿ ತಪ್ಪಿತು ಅಂತ ಬರೆದು ಕಳಿಸಿದೆ. "ನಾಳೆ ಮುಂದಿನ್ ಪಾಠದ್ದೂ ಕಳ್ಸು" ಅಂದಿದ್ದಾಳೆ.