ಭಾವ, ಕೇಳಿಸ್ತಾ ಇದ್ಯಾ?

ರಾಕ್ ಹಾಡುಗಾರರಿಗೆ ವಯಸ್ಸಾದ ಮೇಲೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಹಾಡು ಮೇಲಕ್ಕೇರಿ, ಇನ್ನೇನು ಆ ಕೂಗು ಬರಬೇಕು ಅನ್ನುವಷ್ಟರಲ್ಲಿ ಮೈಕನ್ನು ಜನರ ಕಡೆ ತಿರುಗಿಸಿಬಿಡುತ್ತಾರೆ. ಮಿಕ್ಕಿದ್ದು ನೀವೇ ಹಾಡ್ಕೊಳ್ಳಿ ಅಂತ. ಟಿಕೆಟ್ ದುಡ್ಡು ನಮ್ಮದು, ಅದರ ಮೇಲೆ ಬುಕಿಂಗ್ ಫೀಸು, ಅದಕ್ಕೊಂದು ಜಿಎಸ್‌ಟಿ. ಕೊನೆಗೆ ಹಾಡುವವರೂ ನಾವೇ!

ಮೊನ್ನೆ ಶನಿವಾರ ಬೆಂಗಳೂರಿನಲ್ಲಿ ಹೀಗೇ ಆಯ್ತು. ಬ್ಯಾಂಡಿನ ಹೆಸರು ಬೇಡ ಬಿಡಿ, ಅವರ ಅಭಿಮಾನಿಗಳಲ್ಲಿ ನಾನೂ ಒಬ್ಬ. ಮೈಕ್ ತಿರುಗಿದ್ದೇ ತಡ, ಗಂಟಲು ಹರಿಯುವ ಹಾಗೆ ಕಿರುಚಿದೆ. ಪಕ್ಕದ ಹುಡುಗ ಗಾಬರಿಯಾಗಿ ‘ಅಂಕಲ್, ನೀರು ಬೇಕಾ?’ ಅಂದ. ಕೊಡೋಕೆ ಅವನ ಹತ್ತಿರವೂ ನೀರಿರಲಿಲ್ಲ. ಗೇಟಿನಲ್ಲೇ ಎಲ್ಲರ ಬಾಟಲಿ ಕಿತ್ತುಕೊಂಡಿದ್ದರು.

ಹೋಗಲಿ, ಅದನ್ನು ಸಹಿಸಬಹುದು. ನನ್ನ ಸಿಟ್ಟೆಲ್ಲ ಮುಂದೆ ನಿಂತಿದ್ದ ಮಹಾಶಯನ ಮೇಲೆ. ಆರಡಿ ಆಳು, ಕಪ್ಪು ಟೀ ಶರ್ಟು. ಗಿಟಾರ್ ಶುರುವಾಗುತ್ತಿದ್ದಂತೆ ಫೋನ್ ಎತ್ತಿದ. ರೆಕಾರ್ಡ್ ಮಾಡ್ಕೊಳ್ತಾನೆ, ಎರಡು ನಿಮಿಷ ಸುಮ್ನಿರೋಣ ಅಂದುಕೊಂಡೆ. ಅಲ್ಲ, ವಿಡಿಯೊ ಕಾಲ್! ಆ ಕಡೆ ಬನಿಯನ್ ಹಾಕಿಕೊಂಡು ದಿಂಬಿಗೆ ಒರಗಿದ್ದ ಹಿರಿಯರೊಬ್ಬರು.

‘ಭಾವ, ಕೇಳಿಸ್ತಾ ಇದ್ಯಾ?’

ಭಾವನಿಗೆ ಕೇಳಿಸಲಿಲ್ಲ. ಕಿವಿಗೆ ಕೈಯಿಟ್ಟು ‘ಏನು?’ ಅಂತ ಸನ್ನೆ ಮಾಡಿದರು.

‘ಕೇಳಿಸ್ತಾ ಇದ್ಯಾ ಅಂದೆ!’

ವೇದಿಕೆಯ ಎರಡೂ ಕಡೆ ಎರಡಂತಸ್ತಿನ ಮನೆಯಷ್ಟು ಸ್ಪೀಕರ್ ಪೇರಿಸಿದ್ದರು. ಅಷ್ಟರ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿಸಿದ್ದು ಇವನ ದನಿಯೊಂದೇ. ‘ಡ್ರಮ್ಮರ್ ನೋಡಿ ಭಾವ, ಎಪ್ಪತ್ತು ದಾಟಿದೆ, ಹೆಂಗ್ ಬಾರಿಸ್ತಾರೆ!’ ಅಂತ ಫೋನನ್ನು ಇನ್ನೂ ಮೇಲಕ್ಕೆತ್ತಿದ. ಆದರೆ ಆನ್ ಆಗಿದ್ದದ್ದು ಸೆಲ್ಫಿ ಕ್ಯಾಮೆರಾ. ಡ್ರಮ್ಮರ್ ಜಾಗದಲ್ಲಿ ಭಾವನಿಗೆ ಕಂಡಿದ್ದು ಇವನ ನೆತ್ತಿ, ಅದರ ಹಿಂದೆ ನನ್ನ ಮುಖ. ಅವರು ಸ್ವಲ್ಪ ಹೊತ್ತು ನನ್ನನ್ನೇ ದಿಟ್ಟಿಸಿದರು. ಆಮೇಲೆ ಕೈ ಮುಗಿದರು. ಹಿರಿಯರು, ಏನ್ಮಾಡೋದು? ನಾನೂ ಮುಗಿದೆ. ವೇದಿಕೆಯಲ್ಲಿ ಗಿಟಾರ್ ಸೋಲೊ ನಡೆಯುತ್ತಿತ್ತು. ಅದಕ್ಕಾಗಿಯೇ ಕಾಲೇಜಿನ ದಿನಗಳಿಂದ ಕಾದಿದ್ದೆ.

ಅಷ್ಟರಲ್ಲಿ ಅಕ್ಕನೂ ಸ್ಕ್ರೀನಿಗೆ ಬಂದರು. ‘ಊಟ ಆಯ್ತಾ?’ ಅಂತ ಕೇಳಿದ್ದು ತುಟಿ ನೋಡಿದರೇ ಗೊತ್ತಾಗುತ್ತಿತ್ತು. ‘ಎಲ್ಲಿ ಅಕ್ಕಾ, ಇಲ್ಲಿ ಒಂದು ಪ್ಲೇಟ್ ಫ್ರೈಸ್‌ಗೆ ಮುನ್ನೂರು ರೂಪಾಯಿ!’ ಅಂತ ಇವನು ಕೂಗಿದ. ಸೋಲೊ ಮುಗೀತು. ಜನ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಫೋನನ್ನು ಕಂಕುಳಲ್ಲಿಟ್ಟುಕೊಂಡು. ಆಗ ಭಾವನಿಗೆ ಏನು ಕಂಡಿತೋ ದೇವರೇ ಬಲ್ಲ.

2003ರ ಏಪ್ರಿಲ್‌ನಲ್ಲಿ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಬಂದಾಗ ಅದರ ಹಾಡುಗಾರ ಮಿಕ್ ಜಾಗರ್‌ಗೆ 59. ನಮ್ಮ ರಾಜ್ಯ ಸರ್ಕಾರದ ನೌಕರನಾಗಿದ್ದರೆ ಆಗಿನ ನಿಯಮದಂತೆ ಆಗಲೇ ರಿಟೈರ್ ಆಗಿ ಪೆನ್ಷನ್ ಎಣಿಸುತ್ತಿರಬೇಕಿತ್ತು. ‘ಅಜ್ಜ ಏನ್ ಕುಣೀತಾನೋ ಮಾರಾಯ!’ ಅಂತ ನಾವು ಗೆಳೆಯರು ನಕ್ಕಿದ್ದೆವು. ಆ ಅಜ್ಜ 2024ರಲ್ಲಿ, 80ನೇ ವಯಸ್ಸಿನಲ್ಲಿ, ಅಮೆರಿಕದ ಸ್ಟೇಡಿಯಂಗಳ ತುಂಬ ಓಡಾಡಿ ಹಾಡಿದ. ನನಗಿನ್ನೂ ಐವತ್ತಾಗಿಲ್ಲ, ಶನಿವಾರ ಮೂರು ಗಂಟೆ ನಿಂತಿದ್ದಕ್ಕೆ ಇವತ್ತೂ ಸೊಂಟಕ್ಕೆ ಮುಲಾಮು ಹಚ್ಚಿಸಿಕೊಳ್ತಾ ಇದ್ದೀನಿ. ಅವತ್ತು ಜೊತೆಗಿದ್ದ ಗೆಳೆಯರಲ್ಲಿ ಈ ಸಲ ಒಬ್ಬನೂ ಬರಲಿಲ್ಲ. ಒಬ್ಬನಿಗೆ ಮಗಳ ಪರೀಕ್ಷೆ, ಒಬ್ಬನಿಗೆ ಬಿಪಿ. ಇನ್ನೊಬ್ಬ ‘ನಿಂತ್ಕೊಂಡು ನೋಡೋದಾ?’ ಅಂತ ಕೇಳಿ ಫೋನಿಟ್ಟ.

ಎಲ್ಲರೂ ಜಾಗರ್ ಹಾಗಿರೋದಿಲ್ಲ. ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬ್ರಯಾನ್ ಜಾನ್ಸನ್ 2016ರಲ್ಲಿ ಪ್ರವಾಸದ ಮಧ್ಯೆಯೇ ನಿಲ್ಲಿಸಬೇಕಾಯ್ತು. ಹೀಗೇ ಮುಂದುವರಿದರೆ ಕಿವಿ ಪೂರ್ತಿ ಹೋಗಬಹುದು ಅಂದಿದ್ದರು ಡಾಕ್ಟರು. ಓಜ಼ಿ ಆಸ್ಬರ್ನ್ 2025ರ ಜುಲೈ 5ರಂದು ತನ್ನ ಊರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆಯ ಸಲ ಹಾಡಿದ. ಪಾರ್ಕಿನ್ಸನ್ಸ್ ಕಾಯಿಲೆ, ನಿಲ್ಲೋಕೆ ಆಗುತ್ತಿರಲಿಲ್ಲ. ದೊಡ್ಡ ಕಪ್ಪು ಸಿಂಹಾಸನದಲ್ಲಿ ಕೂತೇ ಹಾಡಿದ. ಆ ತಿಂಗಳು ಮುಗಿಯುವ ಮೊದಲೇ ತೀರಿಕೊಂಡ. ಆ ತುಣುಕುಗಳನ್ನು ಈಗಲೂ ಆಗಾಗ ನೋಡುತ್ತೇನೆ. ಅಲ್ಲೂ ಯಾರೋ ಫೋನ್ ಎತ್ತಿ ಹಿಡಿದಿದ್ದರಿಂದಲೇ ನನಗೆ ಕಂಡಿದ್ದು, ಗೊತ್ತು. ಆದರೆ ಅವರು ನಡುವೆ ಫ್ರೈಸ್ ರೇಟ್ ಹೇಳಲಿಲ್ಲ, ಅಲ್ವಾ?

ಇನ್ನು ಈ ವಿದಾಯ ಪ್ರವಾಸಗಳ ಕಥೆ. ‘ಹೋಗ್ಬರ್ತೀವಿ’ ಅಂತ ಎದ್ದ ನೆಂಟರು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ಇನ್ನರ್ಧ ಗಂಟೆ ಮಾತಾಡ್ತಾರಲ್ಲ, ಅದೇ ಜಾತಿ. ಸ್ಕಾರ್ಪಿಯನ್ಸ್ 2010ರಲ್ಲೇ ವಿದಾಯ ಹೇಳಿದ್ದರು. 2025ರಲ್ಲಿ ಬ್ಯಾಂಡಿಗೆ 60 ವರ್ಷ ತುಂಬಿತು, ಇನ್ನೂ ಹಾಡ್ತಾನೇ ಇದ್ದರು. ಕಿಸ್ ಬ್ಯಾಂಡ್ 2000ದಲ್ಲಿ ಶುರುಮಾಡಿದ ವಿದಾಯ ನಿಜವಾಗಿ ಮುಗಿದದ್ದು 2023ರ ಡಿಸೆಂಬರ್‌ನಲ್ಲಿ.

ಮೊನ್ನೆ ನಾನು ನೋಡಿದವರೂ ಇದೇ ಕೊನೇ ಪ್ರವಾಸ ಅಂದಿದ್ದಾರೆ. ನಾನಂತೂ ನಂಬಿಲ್ಲ. ಮುಲಾಮು ಹಚ್ಚುತ್ತಿದ್ದ ಹೆಂಡತಿಗೆ ‘ಮುಂದಿನ ಸಲ ಎಷ್ಟೇ ಆಗಲಿ, ಕುರ್ಚಿ ಇರೋ ಟಿಕೆಟ್ಟೇ ತಗೊಳ್ತೀನಿ’ ಅಂದೆ.

‘ಮುಂದಿನ ಸಲಾನಾ? ಇದೇ ಕೊನೆ ಅಂತ ಹೇಳಿ ತಾನೇ ನೀವು ಹೋಗಿದ್ದು?’ ಅಂದಳು.