ಪ್ಲಾಟಿನಂ ಬೇಡ ಎನ್ನುವವರ ಬೀಕರಿನಲ್ಲಿ ಪ್ಲಾಟಿನಂ ತಂತಿ ಏಕೆ?

ವಿದ್ಯುತ್ ಹರಿಸಿ ನೀರಿನಿಂದ ಹೈಡ್ರೋಜನ್ ಬಿಡಿಸುವ ಕೆಲಸವನ್ನು ಚುರುಕುಗೊಳಿಸುವ ದುಬಾರಿ ವೇಗವರ್ಧಕ ಪ್ಲಾಟಿನಂ. ‘ಪ್ಲಾಟಿನಂ ಇಲ್ಲದೆ ಹೈಡ್ರೋಜನ್’, ‘ಪ್ಲಾಟಿನಂ ಅನ್ನೇ ಮೀರಿಸಿದ ಅಗ್ಗದ ನ್ಯಾನೋಕಣ’ ಎಂಬ ಸುದ್ದಿಗಳು ಕಣ್ಣಿಗೆ ಬಿದ್ದಾಗಲೆಲ್ಲ ನಾನು ಮೂಲ ಪ್ರಬಂಧವನ್ನು ಹುಡುಕುತ್ತೇನೆ. ಫಲಿತಾಂಶಕ್ಕಿಂತ ಮೊದಲು ಪ್ರಯೋಗವಿಧಾನದ ಭಾಗ ತೆರೆದು, ಎದುರಿನ ಎಲೆಕ್ಟ್ರೋಡ್ (ಪರೀಕ್ಷಿಸುವ ವಸ್ತುವಿನ ಎದುರಿಗಿದ್ದು ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸುವ ಇನ್ನೊಂದು ಧ್ರುವ) ಯಾವುದರದು ಎಂದು ನೋಡುತ್ತೇನೆ. ಅಲ್ಲಿ ಪ್ಲಾಟಿನಂ ತಂತಿ ಎಂದಿದ್ದು, ಅದನ್ನು ಪಾತ್ರೆಯಲ್ಲಿ ಪೊರೆಯಿಂದ ಬೇರ್ಪಡಿಸಿ ಇಟ್ಟ ಮಾತೇ ಇಲ್ಲದಿದ್ದರೆ, ಮುಂದಿನ ಗ್ರಾಫ್‌ಗಳು ಎಷ್ಟೇ ಅಂದವಾಗಿರಲಿ, ನಾನು ನಂಬುವುದಿಲ್ಲ.

ನೀರಿನಿಂದ ಹೈಡ್ರೋಜನ್ ಬಿಡಿಸುವ ಕೆಲಸವೆಲ್ಲ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಒಳಗೆ ಹೂತುಹೋದ ಪರಮಾಣುಗಳಿಗೆ ಅಲ್ಲಿ ಕೆಲಸವಿಲ್ಲ. 1 ಗ್ರಾಂ ಪ್ಲಾಟಿನಂ ಅನ್ನು ಒಂದೇ ಘನವಾಗಿ ಎರಕ ಹೊಯ್ದರೆ ಅದರ ಆರೂ ಮುಖ ಸೇರಿ 1 ಚದರ ಸೆಂಟಿಮೀಟರ್ ಕೂಡ ಆಗದು. ಅದನ್ನೇ 3 ನ್ಯಾನೋಮೀಟರ್ ವ್ಯಾಸದ ಗುಂಡುಗಳಾಗಿ ಒಡೆದರೆ ಸುಮಾರು 90 ಚದರ ಮೀಟರ್ ಮೇಲ್ಮೈ ತೆರೆದುಕೊಳ್ಳುತ್ತದೆ, ಹತ್ತಿರಹತ್ತಿರ ಒಂದು ಮೂವತ್ತು–ನಲವತ್ತರ ಸೈಟಿನಷ್ಟು! ಇದರ ಜೊತೆಗೆ ಪ್ಲಾಟಿನಂ ಹೈಡ್ರೋಜನ್ ಪರಮಾಣುವನ್ನು ತೀರಾ ಬಿಗಿಯಾಗಿ ಹಿಡಿಯುವುದಿಲ್ಲ, ತೀರಾ ಸಡಿಲವಾಗಿಯೂ ಹಿಡಿಯುವುದಿಲ್ಲ. ಹಾಗಾಗಿಯೇ ಆಮ್ಲೀಯ ದ್ರಾವಣದಲ್ಲಿ ಈ ಕೆಲಸಕ್ಕೆ ಅದರಷ್ಟು ಚುರುಕಾದ ಲೋಹ ಇನ್ನೊಂದಿಲ್ಲ. ಕಣ್ಣಿಗೆ ಕಾಣದಷ್ಟು ಪ್ಲಾಟಿನಂ ಎಲ್ಲಿಂದಲೋ ಬಂದು ಕೂತರೂ ಸಾಕು, ಎಲೆಕ್ಟ್ರೋಡ್‌ನ ನಡವಳಿಕೆಯೇ ಬದಲಾಗಿಬಿಡುತ್ತದೆ.

ಪ್ರಯೋಗದ ಮೇಜಿನ ಮೇಲೆ ಆಗುವುದು ಇಷ್ಟು. ಗಾಜಿನಂತೆ ಹೊಳೆಯುವ ಇಂಗಾಲದ ಪುಟ್ಟ ಬಿಲ್ಲೆಯನ್ನು ಅಲ್ಯುಮಿನಾ ಪುಡಿ ಬಳಿದ ಬಟ್ಟೆಯ ಮೇಲೆ ಉಜ್ಜಿ ಕನ್ನಡಿಯಂತೆ ಮಾಡುತ್ತಾರೆ. ಹೊಸ ವೇಗವರ್ಧಕದ ಶಾಯಿಯನ್ನು ಅದರ ಮೇಲೆ ಒಂದು ಹನಿ ಬಿಟ್ಟು ಒಣಗಿಸುತ್ತಾರೆ. ಅಲ್ಲಿ ಹೈಡ್ರೋಜನ್ ಗುಳ್ಳೆ ಏಳುವಾಗ, ಅದೇ ವಿದ್ಯುತ್ಪ್ರವಾಹವನ್ನು ಪೂರೈಸಲು ಎದುರಿನ ಪ್ಲಾಟಿನಂ ತಂತಿಯ ವಿಭವ (ವೋಲ್ಟೇಜ್) ಮೇಲಕ್ಕೇರುತ್ತದೆ. ಆ ವಿಭವದಲ್ಲಿ ಪ್ಲಾಟಿನಂ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ವಿಭವ ಅಳೆಯಲು ಮಾನದಂಡವಾಗಿ ಇಡುವ ರೆಫರೆನ್ಸ್ ಎಲೆಕ್ಟ್ರೋಡ್‌ನಿಂದ ಕ್ಲೋರೈಡ್ ಸೋರಿದರೆ ಇನ್ನೂ ಬೇಗ. ಕರಗಿದ ಪ್ಲಾಟಿನಂ ದ್ರಾವಣವನ್ನು ದಾಟಿ ಬಂದು ನಮ್ಮ ಹೊಸ ವಸ್ತುವಿನ ಮೇಲೆಯೇ ನ್ಯಾನೋಕಣಗಳಾಗಿ ಕೂರುತ್ತದೆ. ವೋಲ್ಟೇಜನ್ನು ಏರಿಸಿ ಇಳಿಸುವ ಆವರ್ತನೆಗಳು ಹೆಚ್ಚಿದಂತೆ ಪ್ರವಾಹವೂ ಹೆಚ್ಚುತ್ತದೆ. ಪ್ರಬಂಧದಲ್ಲಿ ಮಾತ್ರ ‘ವೇಗವರ್ಧಕವು ಬಳಸಿದಷ್ಟೂ ಸಕ್ರಿಯವಾಗುತ್ತದೆ’ ಎಂದು ಬರೆದಿರುತ್ತದೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ಗ್ರಾಫನ್ನು ನಂಬಿ ಇನ್ಯಾವುದೋ ಊರಿನ ವಿದ್ಯಾರ್ಥಿ ತನ್ನ ಪಿಎಚ್‌ಡಿಯ ವರ್ಷಗಳನ್ನು ಅದೇ ವಸ್ತುವಿನ ಮೇಲೆ ಸುರಿಯುತ್ತಾನೆ, ಫಲಿತಾಂಶ ಬಾರದಿದ್ದರೆ ತನ್ನ ಕೈಯನ್ನೇ ಶಂಕಿಸುತ್ತಾನೆ.

ಪರಿಹಾರ ದುಬಾರಿಯೇನಲ್ಲ. ತಂತಿಯ ಬದಲು ಗ್ರಾಫೈಟ್ ಕಡ್ಡಿ, ನಡುವೆ ಒಂದು ಪೊರೆ, ಪ್ರಯೋಗ ಮುಗಿದ ಮೇಲೆ ಎಲೆಕ್ಟ್ರೋಡ್ ಮೇಲೆ ಪ್ಲಾಟಿನಂ ಇದೆಯೇ ಎಂದು ಒಂದು ಪರೀಕ್ಷೆ. 2017ರಲ್ಲೇ ಈ ಬಗ್ಗೆ ಎಚ್ಚರಿಕೆಯ ಲೇಖನ ಪ್ರಕಟವಾಗಿದೆ. ನೀರು ಒಡೆಯುವಾಗ ಇನ್ನೊಂದು ಎಲೆಕ್ಟ್ರೋಡ್‌ನಲ್ಲಿ ಏಳುವ ಆಕ್ಸಿಜನ್ ಕಡೆಯ ಕತೆಯೂ ಇಂಥದ್ದೇ. ನಿಕ್ಕಲ್ ಹೈಡ್ರಾಕ್ಸೈಡಿನ ಚುರುಕಿಗೆ ಕ್ಷಾರದ್ರಾವಣದಲ್ಲಿ ಕಲ್ಮಶವಾಗಿ ಬೆರೆತಿರುವ ಕಬ್ಬಿಣ ಕಾರಣ ಎಂದು ಡೆನಿಸ್ ಕೊರಿಗನ್ 1987ರಲ್ಲೇ ತೋರಿಸಿದ್ದರು. 2014ರಲ್ಲಿ ಅಮೆರಿಕದ ಒರೆಗಾನ್‌ನ ಶಾನನ್ ಬೋಚರ್ ತಂಡ ಕಬ್ಬಿಣವನ್ನು ತೆಗೆದು ಶುದ್ಧಗೊಳಿಸಿದ ದ್ರಾವಣದಲ್ಲಿ ಅದನ್ನೇ ಮತ್ತೆ ಖಚಿತಪಡಿಸಬೇಕಾಯಿತು. ನಡುವಿನ ಇಪ್ಪತ್ತೇಳು ವರ್ಷಗಳಲ್ಲಿ ನಿಕ್ಕಲ್‌ಗೆ ಸಂದ ಹೊಗಳಿಕೆಯಲ್ಲಿ ಕಬ್ಬಿಣದ ಪಾಲು ಎಷ್ಟಿತ್ತೋ.

ಇನ್ನು ವೇಗವರ್ಧಕಗಳನ್ನು ಹೋಲಿಸುವ ಅಳತೆಯ ಮಾತು. ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಹರಿಸಲು ಎಷ್ಟು ಹೆಚ್ಚುವರಿ ವೋಲ್ಟೇಜ್ ಬೇಕು ಎಂಬುದೇ ಇಂದು ಸ್ಪರ್ಧೆಯ ಅಂಕ. ಸೂರ್ಯನ ಬೆಳಕಿನಿಂದ ನೇರವಾಗಿ ಇಂಧನ ಮಾಡುವ, ಶೇ 10ರಷ್ಟು ದಕ್ಷತೆಯ ಸಾಧನದ ಲೆಕ್ಕದಿಂದ ಬಂದ ಸಂಖ್ಯೆ ಅದು. ವಿದ್ಯುತ್ತಿನಿಂದ ನೀರನ್ನು ಒಡೆಯುವ, ಪೊರೆ ಬಳಸುವ ಕೈಗಾರಿಕಾ ಯಂತ್ರಗಳು (ಎಲೆಕ್ಟ್ರೋಲೈಸರ್‌ಗಳು) ಅದರ ನೂರು ಪಟ್ಟು, ಇನ್ನೂರು ಪಟ್ಟು ಪ್ರವಾಹದಲ್ಲಿ ವರ್ಷಗಟ್ಟಲೆ ಓಡಬೇಕು. ಬಾಳಿಕೆಯ ಪ್ರಶ್ನೆ ಬಂದಾಗ ಪ್ಲಾಟಿನಂ ನ್ಯಾನೋಕಣಗಳೇ ಸೋಲುತ್ತವೆ. ಹೈಡ್ರೋಜನ್‌ನಿಂದ ವಿದ್ಯುತ್ ಮಾಡುವ ಇಂಧನ ಕೋಶದೊಳಗೆ ಚಿಕ್ಕ ಕಣಗಳು ಕರಗಿ ದೊಡ್ಡವು ಇನ್ನಷ್ಟು ದಪ್ಪಗಾಗುತ್ತವೆ, ಆಸರೆಯಾದ ಇಂಗಾಲ ಸವೆದು ಕಣಗಳು ಕಳಚಿಕೊಳ್ಳುತ್ತವೆ, ಅಷ್ಟು ಕಷ್ಟಪಟ್ಟು ತೆರೆದ ಮೇಲ್ಮೈ ಮತ್ತೆ ಮುಚ್ಚಿಹೋಗುತ್ತದೆ. ಹೊಸ ದಾಖಲೆಗಳಿಗಿಂತ ಈ ಸವೆತವನ್ನು ತಾಳ್ಮೆಯಿಂದ ಅಳೆಯುವವರ ಕೆಲಸ ನನಗೆ ದೊಡ್ಡದು.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನೆಗೂ ಪಾಲಿದೆ, ಅದು ನಮ್ಮೆಲ್ಲರ ತೆರಿಗೆ ಹಣ. ಪ್ಲಾಟಿನಂ ರಹಿತ ವೇಗವರ್ಧಕಕ್ಕೆ ಅನುದಾನ ಕೇಳುವ ಪ್ರತಿ ಅರ್ಜಿಯಲ್ಲೂ ಮೂರು ಸಂಗತಿ ಕಡ್ಡಾಯವಾಗಲಿ: ಎದುರು ಎಲೆಕ್ಟ್ರೋಡ್ ಯಾವುದು, ಬಳಸಿದ ಕ್ಷಾರ ಅಥವಾ ಆಮ್ಲದ ಶುದ್ಧತೆ ಎಷ್ಟು, ಪ್ರಯೋಗದ ನಂತರ ಮೇಲ್ಮೈಯಲ್ಲಿ ಏನೇನು ಸಿಕ್ಕಿತು. ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಗೆಳೆಯರೇ, ನೀವು ಪರಿಶೀಲಿಸುವ ಮುಂದಿನ ಪ್ರಬಂಧದಲ್ಲಿ ಇವು ಇಲ್ಲದಿದ್ದರೆ ದಯವಿಟ್ಟು ವಾಪಸ್ ಕಳುಹಿಸಿ, ಲೇಖಕರು ಎಷ್ಟೇ ದೊಡ್ಡ ಹೆಸರಿನವರಾಗಿರಲಿ.