ಮೂರು ಒಂದಾಗೋ ಲೆಕ್ಕ

ನಿನ್ನೆ ನಮ್ಮ ಚರ್ಚಿನ ಯೂತ್ ಮೀಟಿಂಗಿನಲ್ಲಿ ಡಿಗ್ರಿ ಓದುವ ಹುಡುಗನೊಬ್ಬ ಎದ್ದು ನಿಂತ. 'ದೇವರು ಒಳ್ಳೆಯವನಾದ್ರೆ ಸಣ್ಣ ಮಕ್ಕಳಿಗೆ ಕ್ಯಾನ್ಸರ್ ಯಾಕೆ ಬರುತ್ತೆ?' ಅಂತ ಕೇಳಿದ. ಹಿರಿಯರೊಬ್ಬರು, 'ಜಾಸ್ತಿ ಓದಿದ್ರೆ ಹಿಂಗೇ, ಪ್ರಾರ್ಥನೆ ಮಾಡು ಮಗಾ' ಅಂದರು. ಹುಡುಗ ಕೂತ. ಮುಂದಿನ ಹಾಡು ಶುರುವಾಯಿತು.

ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಇದೇ ದಾವಣಗೆರೆಯಲ್ಲಿ ನಾನು ಬಿಕಾಂ ಓದುವಾಗ ನನ್ನ ರೂಮ್‌ಮೇಟ್ ಲಿಂಗಾಯತರ ಹುಡುಗ. ಒಂದು ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ, 'ಲೇ, ದೇವರು ಒಬ್ಬನೇ ಅಂತೀಯ, ಮತ್ತೆ ತಂದೆ, ಮಗ, ಪವಿತ್ರಾತ್ಮ ಅಂತ ಮೂರು ಹೇಳ್ತೀಯ, ಇದ್ಯಾವ ಲೆಕ್ಕಲೇ?' ಅಂದ. ಕಿಂಡಲ್ ಅಲ್ಲ, ನಿಜವಾಗಿ ಕೇಳಿದ್ದ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಮಾಡಲು ನನಗೆ ಬರುತ್ತಿತ್ತು, ಇದು ಟ್ಯಾಲಿ ಆಗಲಿಲ್ಲ. 'ಅದು ನಂಬಿಕೆ, ಬಿಡಲೇ' ಅಂದು ಮೆಣಸಿನಕಾಯಿ ಕಚ್ಚಿದೆ. ಅವನು ಇಷ್ಟಲಿಂಗ, ಷಟ್‌ಸ್ಥಲ ಅಂತ ಅರ್ಧ ಗಂಟೆ ಮಾತಾಡಬಲ್ಲವನು. ಅವನ ಅಜ್ಜ ಕೂರಿಸಿಕೊಂಡು ಒಂದೊಂದೇ ವಚನ ಬಿಡಿಸಿ ಹೇಳುತ್ತಿದ್ದರಂತೆ. ನನಗೆ ಸಂಡೇ ಸ್ಕೂಲಿನಲ್ಲಿ ಸಿಕ್ಕಿದ್ದು ಬಾಯಿಪಾಠ ಮಾಡಿದ ವಾಕ್ಯ, ಕೈ ಕುಣಿಸುವ ಹಾಡು, ಕ್ರಿಸ್‌ಮಸ್‌ಗೆ ಒಂದು ಜಾಮಿಟ್ರಿ ಬಾಕ್ಸ್.

ಆಮೇಲೆ ಓದಿದಾಗ ಗೊತ್ತಾಯಿತು, ಅವನ ಪ್ರಶ್ನೆಗೆ ಸಾವಿರದ ಏಳುನೂರು ವರ್ಷ ಆಗಿದೆ. 325ರಲ್ಲಿ ಈಗಿನ ಟರ್ಕಿಯ ನೈಸಿಯಾದಲ್ಲಿ ಬಿಷಪ್ಪರೆಲ್ಲ ಸೇರಿ ಜಗಳ ಆಡಿದ್ದೇ ಇದಕ್ಕೆ. ಮಗ ತಂದೆಯಷ್ಟೇ ದೇವರೋ, ಇಲ್ಲ ಅರಿಯಸ್ ಅನ್ನುವ ಪಾದ್ರಿ ಹೇಳಿದ ಹಾಗೆ ತಂದೆ ಸೃಷ್ಟಿಸಿದವನೋ ಅಂತ. ಸಭೆ ಮುಗಿದರೂ ಜಗಳ ಮುಗಿಯಲಿಲ್ಲ. ಅರಿಯಸ್‌ನನ್ನು ಎದುರಿಸಿದ ಅಥನಾಸಿಯಸ್ ಮುಂದೆ ಬಿಷಪ್ ಆಗಿ ಐದು ಸಲ ಗಡಿಪಾರಾದ. ಆ ಜಗಳದಿಂದ ಹುಟ್ಟಿದ ವಿಶ್ವಾಸ ಪ್ರಮಾಣವನ್ನು, ಅಂದರೆ ನಾವು ಏನು ನಂಬುತ್ತೇವೆ ಅನ್ನುವ ಹೇಳಿಕೆಯನ್ನು, ನಾವು ಚರ್ಚಿನಲ್ಲಿ ನಿಂತು, ಗಡಿಯಾರ ನೋಡಿಕೊಂಡು, ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ.

ನಿನ್ನೆಯ ಹುಡುಗನ ವಿಷಯವಂತೂ ಇನ್ನೂ ಮಜಾ ಇದೆ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅನ್ನುವ ಕ್ರೈಸ್ತ ಪಂಡಿತ ಒಂದು ದೊಡ್ಡ ಪುಸ್ತಕ ಬರೆದ, ಅದೂ ಹೊಸದಾಗಿ ಕಲಿಯುವವರಿಗೆ ಅಂತ. ಅದರಲ್ಲಿ 'ದೇವರು ಇದ್ದಾನೆಯೇ?' ಅನ್ನುವ ಪ್ರಶ್ನೆ ಬಂದಾಗ ಅವನು ಮೊದಲು ಬರೆಯುವುದು, ಇಲ್ಲ ಅಂತ ಕಾಣುತ್ತದೆ ಅಂತ. ಅದಕ್ಕೆ ಕೊಡುವ ಮೊದಲ ಕಾರಣ, ಲೋಕದಲ್ಲಿ ಕೆಟ್ಟದ್ದು ಇದೆಯಲ್ಲ ಅನ್ನುವುದು. ನಮ್ಮ ಹುಡುಗ ಕೇಳಿದ್ದು ಅದನ್ನೇ ಅಲ್ವಾ? ಜನ ಸಂತ ಅಂತ ಗೌರವಿಸುವ ಅವನೇ ಎದುರಾಳಿಯ ಮಾತನ್ನು ಮೊದಲು ಪೂರ್ತಿ ಬರೆದು ಆಮೇಲೆ ಬಾಯಿ ತೆರೆದ, ನಾವು ಹುಡುಗನ ಬಾಯಿ ಮುಚ್ಚಿಸಿ ಹಾಡು ಹಾಡಿದೆವು.

ಕಾಲೇಜಿನವರೂ ಏನು ಕಡಿಮೆ ಇಲ್ಲ ಬಿಡಿ. ಕುತ್ತಿಗೆಯಲ್ಲಿ ಶಿಲುಬೆ ಕಂಡರೆ ಸಾಕು, ಸೈನ್ಸ್ ನಂಬಲ್ಲ ಇವನು ಅಂತ ತೀರ್ಮಾನ. ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಮಠದಲ್ಲಿದ್ದವನು, ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದ ಲೆಮೈತ್ರ್ ಪಾದ್ರಿ. ಹಾಗಂತ 1633ರಲ್ಲಿ ಗೆಲಿಲಿಯೋನನ್ನು ವಿಚಾರಣೆಗೆ ನಿಲ್ಲಿಸಿದ್ದೂ ಚರ್ಚೇ, ಅದನ್ನು ಮುಚ್ಚಿಡಬಾರದು.

ಇನ್ನು ನಮ್ಮ ಹಿರಿಯರು ಕಿಟೆಲ್ ಹೆಸರು ಹೇಳಿ ಬೀಗುವುದು ನೋಡಬೇಕು. 1894ರ ಕನ್ನಡ-ಇಂಗ್ಲಿಷ್ ನಿಘಂಟು ನಮ್ಮವರದು ಅಂತ. ಸರಿ, ಆದರೆ ಆ ಬಾಸೆಲ್ ಮಿಷನ್ ಪಾದ್ರಿ ಜೈನ ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನು ಕೂತು ಸಂಪಾದಿಸಿದ. ನಮ್ಮ ಮನೆ ಹುಡುಗ ಬೇರೆಯವರ ಒಂದು ಪುಸ್ತಕ ತೆರೆದರೆ ಅದೇ ಹಿರಿಯರಿಗೆ ಎದೆ ಡವಡವ.

ಬೆಳಿಗ್ಗೆ ಆ ಹುಡುಗನಿಗೆ ಫೋನ್ ಮಾಡಿ ಬೆಣ್ಣೆ ದೋಸೆ ತಿನ್ನಲು ಕರೆದೆ. ಅಕ್ವಿನಾಸ್ ವಿಷಯ ಹೇಳಿದೆ. 'ಅವನು ಏನು ಉತ್ತರ ಕೊಟ್ಟ ಅಣ್ಣಾ?' ಅಂದ. ಕೆಟ್ಟದ್ದರಿಂದಲೂ ಒಳ್ಳೆಯದನ್ನು ತರಬಲ್ಲ ದೇವರು, ಅದಕ್ಕೇ ಅದಕ್ಕೆ ಅವಕಾಶ ಕೊಡುತ್ತಾನೆ ಅಂತ ಅವನಿಗಿಂತ ಹಿಂದಿನ ಸಂತ ಅಗಸ್ಟೀನ್ ಹೇಳಿದ್ದನ್ನೇ ಅವನೂ ಹೇಳುತ್ತಾನೆ ಅಂದೆ. ಹುಡುಗ ದೋಸೆಯ ಮೇಲಿನ ಬೆಣ್ಣೆಯನ್ನು ಬೆರಳಲ್ಲಿ ಸುಮ್ನೆ ಸವರುತ್ತಾ ಕೂತ.

'ನಂಗೆ ಇದು ಸಾಲಲ್ಲ ಅಣ್ಣಾ.'

'ನಂಗೂ ಸಾಲಲ್ಲ' ಅಂದೆ. ಇನ್ನೊಂದೊಂದು ದೋಸೆ ಹೇಳಿದೆವು.